ಮೊಮ್ಮಗನ ಹಾಲು, ಅಜ್ಜಿಯ ಹುರುಳಿ ಸಾರು

ಹಾಲು ಕೆಟ್ಟದ್ದು ಎಂದು ನಾನು ಈ ಜನ್ಮದಲ್ಲಿ ಯಾರಿಗೂ ಹೇಳಿಲ್ಲ. ಆದರೂ ಬೇಗೂರಿನ ಆಚೆಯ ಒಂದು ಹಳ್ಳಿಯಲ್ಲಿ ನನಗೆ ‘ಆಲು ಬುಡ್ಸೋ ಮೇಡಮ್ಮ’, ಅಂದರೆ ಹಾಲು ಬಿಡಿಸುವ ಮೇಡಂ, ಎಂದು ಹೆಸರು ಬಿದ್ದಿದೆ. ನಾನು ಆಟೋದಿಂದ ಇಳಿದರೆ ಸಾಕು, ಅಂಗಡಿ ಕಟ್ಟೆಯ ಮೇಲೆ ಕೂತವರಲ್ಲಿ ಯಾರಾದರೊಬ್ಬರು, "ಬಂದ್ರು ಕಣ್ಲಾ, ಅಸ ಎಲ್ಲಾನೂ ಒಳಕ್ ಕಟ್ರುಲಾ" ಎಂದು ಕೂಗುತ್ತಾರೆ. ಮೊದಮೊದಲು ಸಿಟ್ಟು ಬರುತ್ತಿತ್ತು. ಈಗ ಅವರ ಜೊತೆ ನಾನೂ ನಗುತ್ತೇನೆ. ಎರಡು ವರ್ಷ ತುಂಬದ ಒಂದು ಮಗುವಿನ ರಕ್ತ ಏರಿಸಲು ಪಟ್ಟ ಪಾಡಿಗೆ ಸಿಕ್ಕ ಬಿರುದು ಅದು.

ನಾನು ಗುಂಡ್ಲುಪೇಟೆಯ ಆಸ್ಪತ್ರೆಯೊಂದರಲ್ಲಿ ಆಹಾರ ಸಲಹೆಗಾರ್ತಿ. ಮನೆ ಚಾಮರಾಜನಗರದಲ್ಲಿ, ದಿನಾ ಬಸ್ಸಿನ ಓಡಾಟ. ಆವತ್ತು ಬಸ್ಸು ತಡವಾಗಿ ಬಂದು, ಕೋಣೆಯ ಬೀಗ ತೆಗೆಯುವಷ್ಟರಲ್ಲಿ ಮಕ್ಕಳ ಡಾಕ್ಟರು ಒಂದು ಮನೆಯವರನ್ನು ನನ್ನ ಬಾಗಿಲಿಗೆ ಕಳಿಸಿಬಿಟ್ಟಿದ್ದರು. ಮುಂದೆ ಅಜ್ಜಿ, ಹಿಂದೆ ಸೊಸೆ, ಸೊಸೆಯ ಸೊಂಟದ ಮೇಲೆ ಗಂಡು ಮಗು. ಗುಂಡುಗುಂಡಾಗಿ, ಬೆಳ್ಳಗೆ, ಕೂರಿಸಿದ ಕಡೆ ಕೂರುವ ಮಗು. ಸಾಲಿನಲ್ಲಿ ನಿಂತವರೆಲ್ಲ ಅದರ ಕೆನ್ನೆ ಹಿಂಡಿ ಮುದ್ದು ಮಾಡುತ್ತಿದ್ದರು. ನನಗೆ ಮಾತ್ರ ಆ ಬಿಳುಪು ಹಿಡಿಸಲಿಲ್ಲ. ಕೆಳರೆಪ್ಪೆ ಎಳೆದು ನೋಡಿದರೆ ಒಳಗೆ ಕೆಂಪು ಎಂಬುದೇ ಇರಲಿಲ್ಲ. ಹಿಮೋಗ್ಲೋಬಿನ್ ಏಳಕ್ಕಿಂತ ಕೆಳಗೆ. ಆ ವಯಸ್ಸಿಗೆ ಹನ್ನೊಂದರ ಹತ್ತಿರವಾದರೂ ಇರಬೇಕು.

ಡಾಕ್ಟರು ಫೋನಿನಲ್ಲಿ ಚುಟುಕಾಗಿ ಹೇಳಿದರು: "ಕಬ್ಬಿಣದ ಸಿರಪ್ ಬರೆದಿದ್ದೀನಿ. ಏರಿದರೆ ಸರಿ. ಇಳಿದರೆ ಚಾಮರಾಜನಗರಕ್ಕೆ ಕಳಿಸಿ ರಕ್ತ ಹಾಕಿಸಲೇಬೇಕಾಗುತ್ತೆ. ಅವನ ಹೊಟ್ಟೆಗೆ ಏನು ಹೋಗ್ತಿದೆ, ನೀವು ನೋಡಿ." ಈ ಮಾತನ್ನು ಅವರು ತಾಯಿಗೂ ಹೇಳಿದ್ದರು. ಅವಳು ನನ್ನ ಮುಂದೆ ಕೂತಿರುವಷ್ಟು ಹೊತ್ತೂ ಮಗುವಿನ ಪಾದವನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದೇ ಇದ್ದಳು.

ನಮ್ಮ ಕೆಲಸದ ಮೊದಲ ಹೆಜ್ಜೆ ಹಿಂದಿನ ದಿನದ ಊಟವನ್ನು ಕೇಳುವುದು. ಎದ್ದಾಗಿನಿಂದ ಮಲಗುವವರೆಗೆ ಏನೇನು ಹೊಟ್ಟೆಗೆ ಬಿತ್ತು, ಒಂದೂ ಬಿಡದೆ. ಸೊಸೆಯನ್ನು ಕೇಳಿದೆ. ಉತ್ತರ ಬಂದದ್ದು ಅತ್ತೆಯಿಂದ.

"ಎದ್ದೇಟ್ಗೆ ಒಂದ್ ಬಾಟ್ಲಿ ಆಲು. ಬಿಸ್ಲು ಬಂದ್ಮೇಕೆ ಇನ್ನೊಂದು. ಮಲಗೋವಾಗ ಒಂದು, ಎದ್ದಾಗ ಒಂದು. ಸಂದೇಲಿ ಒಂದು. ರಾತ್ರಕೆ ಕೇಳ್ದಾಗೆಲ್ಲ."

"ಊಟ?"

"ಆಲೇ ಊಟ ಕಣವ್ವ. ಅನ್ನ ಬಾಯ್ಗಿಟ್ರೆ ಉಗೀತದೆ."

"ಬೇರೆ ಏನಾದರೂ ಬಾಯಿಗೆ ಹಾಕ್ಕೊಳ್ತಾನಾ?"

ಈಗ ಸೊಸೆ ಮೆಲ್ಲಗೆ ಬಾಯಿಬಿಟ್ಟಳು. "ಗೋಡೆ ಮಣ್ಣು ಕೆರ್ಕೊಂಡು ತಿಂತಾನೆ ಮೇಡಂ."

ಮಣ್ಣು ತಿನ್ನುವ ಚಟ ರಕ್ತ ಕಡಿಮೆಯಾದ ಮಕ್ಕಳಲ್ಲಿ ಸಾಮಾನ್ಯ. ಅಷ್ಟು ಕೇಳಿದ್ದೇ ನನಗೆ ಮುಕ್ಕಾಲು ಕಥೆ ತಿಳಿದುಹೋಯಿತು. ನಾನು ನನ್ನ ಪಾಠ ಶುರು ಮಾಡಿದೆ. ಹಾಲಿನಲ್ಲಿ ಸುಣ್ಣದ ಅಂಶ ಧಾರಾಳ, ಪ್ರೋಟೀನ್ ಇದೆ, ಬೆಳೆಯುವ ಮೂಳೆಗೆ ಒಳ್ಳೆಯದು. ಆದರೆ ಕಬ್ಬಿಣ ಇಲ್ಲವೆನ್ನುವಷ್ಟು ಕಡಿಮೆ. ಮಿತಿಯಲ್ಲಿ ಕುಡಿದರೆ ಮಗುವಿಗೆ ಅನುಕೂಲವೇ. ಮಿತಿ ಮೀರಿದರೆ ಹೊಟ್ಟೆ ತುಂಬಿ ಬೇರೆ ಊಟಕ್ಕೆ ಜಾಗ ಉಳಿಯುವುದಿಲ್ಲ, ಬೇರೆ ಊಟದಿಂದ ಬಂದ ಅಷ್ಟಿಷ್ಟು ಕಬ್ಬಿಣವನ್ನೂ ಹಾಲಿನ ಸುಣ್ಣ ಮೈಗೆ ಹತ್ತಗೊಡುವುದಿಲ್ಲ. ಇಷ್ಟನ್ನು ನಾನು ಕೈಬಾಯಿ ಆಡಿಸಿಕೊಂಡು ವಿವರಿಸಿದೆ.

ಅಜ್ಜಿ ಬಾಗಿಲ ಕಡೆ ತಿರುಗಿ, ಸಾಲಿನಲ್ಲಿದ್ದವರಿಗೆಲ್ಲ ಕೇಳುವಂತೆ ಹೇಳಿದರು. "ಕೇಳುದ್ರಾ ಈವಮ್ಮ ಯೋಳದ! ಆಲು ಕುಡ್ದು ರಕ್ತ ಕಮ್ಮಿ ಆಯ್ತಂತೆ! ಅಂಗಾರೆ ನೀರ್ ಕುಡುದ್ರೆ ಬಾಯಾರಿಕೆ ಆದದೇನೋ!"

ಹೊರಗೆ ನಗೆಯೋ ನಗೆ. ನನಗೂ ನಗು ಬಂತು, ಆದರೆ ಬಿಗಿಹಿಡಿದೆ. ಮೊಟ್ಟೆ ಮಾಂಸ ಮುಟ್ಟದ ಮನೆ ಅದು, ಹಾಗಾಗಿ ಕಬ್ಬಿಣಕ್ಕೆ ಕಾಳು, ಸೊಪ್ಪು, ರಾಗಿಯೇ ಗತಿ. ಹಾಲನ್ನು ಎರಡು ಸಣ್ಣ ಲೋಟಕ್ಕೆ ಇಳಿಸಿ, ರಾಗಿ ಕೊಡಿ, ಬಾಳೆಹಣ್ಣು ಕೊಡಿ, ಕಾಳು ಬೇಯಿಸಿ ಮಸೆದು ಕೊಡಿ, ಸಿರಪ್ ತಪ್ಪಿಸಬೇಡಿ ಎಂದು ಒಪ್ಪಿಸಿ ಕಳಿಸಿದೆ.

ಎರಡು ವಾರ ಬಿಟ್ಟು ಬಂದರು. ಅಜ್ಜಿಯ ಮುಖದಲ್ಲಿ ಪರೀಕ್ಷೆ ಚೆನ್ನಾಗಿ ಬರೆದವರ ಕಳೆ. ಆದರೆ ರಕ್ತದ ಅಂಕಿ ಒಂದು ಕೂದಲಷ್ಟೂ ಏರಿರಲಿಲ್ಲ, ತುಸು ಇಳಿದೇ ಇತ್ತು.

"ನಾನು ಹೇಳಿದ್ದು ಮಾಡಿದ್ರಾ?" ಎಂದೆ. ದನಿ ಸ್ವಲ್ಪ ಜೋರಾಗಿಯೇ ಬಂದಿರಬೇಕು.

"ನೀವ್ ಯೋಳಿದ್ದ ಒಂದೂ ಬುಡ್ಲಿಲ್ಲ ಕಣವ್ವ. ರಾಗಿ ಕೊಟ್ಟೊ. ಬಾಳೆಹಣ್ಣು ಕೊಟ್ಟೊ. ಔಸ್ತಿ ಒಂದ್ ಒತ್ತೂ ತಪ್ಪುಸ್ಲಿಲ್ಲ."

"ಹೇಗೆ ಕೊಟ್ರಿ?"

"ಆಲೊಳ್ಗೆ."

ರಾಗಿ ಹಿಟ್ಟನ್ನು ಹಾಲಿನಲ್ಲಿ ಕದಡಿದ್ದರು. ಬಾಳೆಹಣ್ಣನ್ನು ಹಾಲಿನಲ್ಲಿ ಕಿವುಚಿದ್ದರು. ಸಿರಪ್ಪನ್ನೂ ಹಾಲಿನ ಬಾಟಲಿಗೇ ಸುರಿದಿದ್ದರು. "ಔಸ್ತಿ ಉಷ್ಣ ಅಲ್ವರಾ, ಮಗೀಗೆ ತಡೀದು, ಅದ್ಕೆ ಆಲು ತಂಪು" ಎಂದು ಅಜ್ಜಿ ನನಗೇ ಬುದ್ಧಿ ಹೇಳಿದರು. ಒಟ್ಟಿನಲ್ಲಿ ಇಳಿಯಬೇಕಾಗಿದ್ದ ಹಾಲು ಮೊದಲಿಗಿಂತ ಹೆಚ್ಚಾಗಿತ್ತು. ನಾನು ತಲೆಯ ಮೇಲೆ ಕೈಹೊತ್ತು ಕೂತೆ. ಡಾಕ್ಟರು ಅಂಕಿ ನೋಡಿ, "ತುಸುವೇ ಇಳಿದಿರೋದರಿಂದ ಇನ್ನೊಂದು ಅವಕಾಶ, ಅಷ್ಟೇ. ಅವನಿಗೆ ಏದುಸಿರು ಬಂದರೆ ಅದಕ್ಕೂ ನಾನು ಕಾಯೋದಿಲ್ಲ" ಎಂದರು. ಸೊಸೆ ಮಗುವನ್ನು ಸೊಂಟಕ್ಕೇರಿಸಿಕೊಂಡು ಹೊರಟಳು. ಬಾಗಿಲು ದಾಟುವಾಗ ತಿರುಗಿ ನನ್ನನ್ನು ಒಮ್ಮೆ ನೋಡಿದಳು. ಆ ನೋಟ ನನ್ನನ್ನು ಬಿಡಲಿಲ್ಲ. ಮಾರನೆಯ ದಿನವೇ ನಾನು ಅವರ ಮನೆಗೆ ಹೊರಟೆ.

ಗುಂಡ್ಲುಪೇಟೆಯಿಂದ ಬೇಗೂರಿಗೆ ಬಸ್ಸು, ಅಲ್ಲಿಂದ ಶೇರ್ ಆಟೋ. ಮನೆಯ ಮುಂದೆ ಎರಡು ಸೀಮೆಹಸು, ಪಕ್ಕದ ಚಪ್ಪರದಲ್ಲಿ ಬೇರೆಯಾಗಿ ಕಟ್ಟಿದ ಒಂದು ನಾಟಿ ಹಸು. ಎಣ್ಣೆ ಸವರಿದ ಅದರ ಕೊಂಬು ಫಳಫಳ ಹೊಳೆಯುತ್ತಿತ್ತು. ಅಜ್ಜಿ ನನ್ನನ್ನು ಕಂಡು ಗಾಬರಿಯಾದರೂ ಉಪಚಾರ ಮರೆಯಲಿಲ್ಲ. ಸೀಮೆಹಸುವಿನ ಹಾಲನ್ನು ಕಾಯಿಸಿ, ಸಕ್ಕರೆ ಹಾಕಿ, ದೊಡ್ಡ ಲೋಟದ ತುಂಬ ತಂದು ಕೊಟ್ಟರು. ನಾನು ಒಂದು ಹನಿ ಬಿಡದೆ ಕುಡಿದೆ.

"ನೋಡಮ್ಮಿ, ನೋಡು! ಮಗೀಗೆ ಬ್ಯಾಡ ಅಂದೋರು ಎಂಗೆ ಕುಡಿತಾವ್ರೆ!" ಎಂದು ಅಜ್ಜಿ ಸೊಸೆಗೆ ತೋರಿಸಿದರು.

ಮಗು ಬಾಟಲಿ ಬಾಯಲ್ಲಿಟ್ಟುಕೊಂಡೇ ನಿದ್ದೆ ಹೋಗಿತ್ತು. ಅಡಿಗೆಮನೆಯಿಂದ ಘಮಘಮ ವಾಸನೆ ಬರುತ್ತಿತ್ತು. ಇಣುಕಿ ನೋಡಿದರೆ ಹುರುಳಿಕಾಳಿನ ಬಸ್ಸಾರು, ನುಗ್ಗೆಸೊಪ್ಪಿನ ಪಲ್ಯ, ಬಿಸಿ ಮುದ್ದೆ. ಆ ಮಗುವಿಗೆ ಬೇಕಾದ್ದೆಲ್ಲ ಆ ಒಲೆಯ ಮೇಲೆಯೇ ಇತ್ತು. ಇಷ್ಟಿದ್ದೂ ಮಗುವಿಗೆ ಯಾಕಿಲ್ಲ ಎಂದರೆ, ಹುರುಳಿ ಉಷ್ಣ, ನುಗ್ಗೆ ಉಷ್ಣ, ಸಾರು ಖಾರ.

ಸೊಸೆ ಹಸು ತೋರಿಸುವ ನೆಪದಲ್ಲಿ ನನ್ನನ್ನು ಚಪ್ಪರದ ಹತ್ತಿರ ಕರೆದೊಯ್ದಳು. ನಿಜವಾದ ಗಂಟು ಅಲ್ಲಿ ಬಿಚ್ಚಿಕೊಂಡಿತು. ಬಾಣಂತನ ಮುಗಿಸಿ ಅವಳನ್ನು ಗಂಡನ ಮನೆಗೆ ಕಳಿಸುವಾಗ, ಕುದೇರಿನ ಅವಳ ಅಪ್ಪ ಈ ಹಸುವನ್ನು ಜೊತೆಗೆ ಕೊಟ್ಟಿದ್ದರು. ಹಗ್ಗವನ್ನು ಮಗಳ ಕೈಗಿಡುತ್ತ, ನೆಂಟರೆಲ್ಲರ ಎದುರಿಗೆ, "ಇದರ ಆಲು ಡೈರಿ ಮುಕ ನೋಡ್ಕೂಡ್ದು. ಇದು ನನ್ ಮೊಮ್ಮಗನ ಅಸ" ಎಂದಿದ್ದರು. ಅಂದಿನಿಂದ ಆ ಹಸುವಿನ ಹಾಲನ್ನು ಮಾರುವ ಹಾಗಿಲ್ಲ. ಬೇರೆಯವರು ಕುಡಿದರೆ ಮೊಮ್ಮಗನ ಬಾಯಿಂದ ಕಿತ್ತುಕೊಂಡ ಹಾಗೆ. ಚೆಲ್ಲಿದರೆ ಪಾಪ. ಉಳಿದದ್ದು ಒಂದೇ ದಾರಿ, ಅಷ್ಟೂ ಹಾಲು ಮಗುವಿನ ಹೊಟ್ಟೆ ಸೇರಬೇಕು.

"ಅಪ್ಪ ಫೋನ್ ಮಾಡಿದಾಗೆಲ್ಲ ಮೊದಲು ಅಸನ್ನೇ ಕೇಳೋದು ಮೇಡಂ. ಅತ್ತೆ ಫೋನ್ ತಗೊಂಡು, ‘ಮೊಮ್ಮಗನೇ ಎಲ್ಲಾನೂ ಕುಡೀತಾನೆ ಬೀಗ್ರೆ’ ಅಂತಾರೆ. ಈಗ ಕಮ್ಮಿ ಮಾಡಿದ್ರೆ ಬೀಗರ ಮುಂದೆ ಮಾತು ಹೋಯ್ತದೆ ಅಂತ ಅವರಿಗೆ. ನಾನು ಯಾರ ಕಡೆ ಮಾತಾಡ್ಲಿ?" ಅವಳ ಕಣ್ಣು ತುಂಬಿ ಬಂತು. ನಾನು ಸುಣ್ಣ, ಕಬ್ಬಿಣ ಎಂದು ಪಾಠ ಮಾಡುತ್ತಿದ್ದರೆ ಈ ಮನೆಯವರು ಬೀಗರ ಮರ್ಯಾದೆಯನ್ನು ಲೋಟದಲ್ಲಿ ಅಳೆಯುತ್ತಿದ್ದರು.

ಒಳಗೆ ಬಂದಾಗ ಅಜ್ಜಿ ಗೋಡೆ ಹಿಡಿದು, "ಶಿವಾ" ಎನ್ನುತ್ತ ಮೇಲೇಳುತ್ತಿದ್ದರು. ಮಂಡಿ ನೋವು.

"ಅಜ್ಜಿ, ನೀವು ಹಾಲು ಕುಡೀತೀರಾ?"

"ನಂಗ್ಯಾಕವ್ವ? ನಾನೇನ್ ಇನ್ನೂ ಬೆಳೀಬೇಕಾ?"

"ಮೊಸರು, ಮಜ್ಜಿಗೆ?"

"ಮಿಕ್ಕುದ್ರೆ ನೀರ್ ಮಜ್ಜಿಗೆ. ಸೀಮೆ ಅಸಿನ್ ಆಲೆಲ್ಲ ಡೈರಿಗೆ ಓಯ್ತದೆ, ನಂಗೂ ಇವಳ್ಗೂ ಕರೀ ಟೀನೇ ಆಯ್ತದೆ."

"ಊಟ ಯಾವಾಗ ಮಾಡ್ತೀರಿ?"

"ಗಂಡಸ್ರು ಉಂಡು ಒಲದ ಕಡೆ ಓದ್ಮೇಲೆ, ಮೊಮ್ಮಗ ಮಲೀಕಂಡ್ಮೇಲೆ, ನಾವಿಬ್ರೂ ಒಳಗ್ ಕೂತು ಉಣ್ತೀವಿ."

ಎರಡು ವಿಷಯ ನನಗೆ ಒಟ್ಟಿಗೆ ಹೊಳೆದವು. ಹಾಲು ಬೇಕಾದ ಎರಡು ಜೀವ ಅದನ್ನು ಮುಟ್ಟುತ್ತಿಲ್ಲ, ಕಡಿಮೆ ಮಾಡಬೇಕಾದ ಜೀವಕ್ಕೆ ಅಷ್ಟೂ ಹೋಗುತ್ತಿದೆ. ಮತ್ತೆ, ಸದಾ ಈ ಇಬ್ಬರ ಮಡಿಲಲ್ಲೇ ಇರುವ ಮಗು ಇವರು ಉಣ್ಣುವುದನ್ನು ಒಂದು ದಿನವೂ ಕಂಡಿಲ್ಲ. ಅಗಿಯುವುದು, ಅದ್ದಿ ನುಂಗುವುದು ಏನೆಂದು ಅದಕ್ಕೆ ಗೊತ್ತಾಗುವುದಾದರೂ ಹೇಗೆ? ಹಾಲು ಮೇಲೋ ಸೊಪ್ಪುಕಾಳು ಮೇಲೋ ಎಂದು ಬಸ್ಸಿನಲ್ಲೂ ಜನ ನನ್ನನ್ನು ಕೇಳುತ್ತಾರೆ. ಅದು ಕೇಳುವವರ ಹೊಟ್ಟೆ ಯಾವುದು ಎನ್ನುವುದರ ಮೇಲೆ ನಿಂತಿದೆ. ಮಂಡಿ ನೋಯುವ ಅಜ್ಜಿಗೆ ಒಂದು ಲೋಟ ಹಾಲು ದೊಡ್ಡ ಆಸರೆ. ಅದೇ ಹಾಲು ಬಾಟಲಿಗಟ್ಟಲೆ ಆದಾಗ ಮೊಮ್ಮಗನ ರಕ್ತಕ್ಕೆ ಅಡ್ಡ. ಹಾಲು ಬಿಡಿಸುವ ಯೋಚನೆಯನ್ನು ನಾನು ಅಲ್ಲೇ ಕೈಬಿಟ್ಟೆ. ಅದು ಹೋಗುವ ದಾರಿ ಬದಲಾಯಿಸಿದರೆ ಸಾಕು ಅನ್ನಿಸಿತು.

"ಅಜ್ಜಿ, ಈ ಹಸುವಿನ ಒಂದು ತೊಟ್ಟೂ ಡೈರಿಗೆ ಹೋಗೋದು ಬೇಡ. ಮಗುವಿಗೆ ಊಟ ಆದಮೇಲೆ ಎರಡು ಹೊತ್ತು ಒಂದೊಂದು ಸಣ್ಣ ಲೋಟ. ನಿಮಗೆ ಒಂದು ಲೋಟ, ಸೊಸೆಗೆ ಒಂದು ಲೋಟ. ಮಿಕ್ಕಿದ್ದಕ್ಕೆ ಹೆಪ್ಪು ಹಾಕಿ. ಇನ್ನೊಂದು ಮಾತು. ನೀವು ಮಗುವನ್ನ ಎದುರಿಗೆ ಕೂರಿಸ್ಕೊಂಡು, ಗಂಡಸರ ಊಟಕ್ಕೆ ಕಾಯದೆ ಅವನ ಜೊತೆಗೇ ಊಟ ಮಾಡಬೇಕು."

ಅಜ್ಜಿ ಎದೆ ಮೇಲೆ ಕೈಯಿಟ್ಟುಕೊಂಡರು. "ಮೊಮ್ಮಗನ ಆಲು ನಾನ್ ಕುಡಿಯಾದ? ಗಂಡಸ್ರಿಗಿಂತ ಮುಂಚೆ ಉಣ್ಣಾದ? ಬೀಗ್ರು ಕಂಡ್ರೆ ಏನಂದಾರು?"

"ಬೀಗರನ್ನೇ ಕರೆಸಿ. ಮುಂದಿನ ವಾರ ನಾನೂ ಬರ್ತೀನಿ. ಬೈದರೆ ನನ್ನನ್ನ ಬೈಯಲಿ."

ಆಮೇಲೆ ನಾನೂ ಸೊಸೆಯೂ ಒಲೆಯ ಮುಂದೆ ಕೂತು ಒಂದೊಂದಾಗಿ ಗೊತ್ತು ಮಾಡಿದೆವು. ಹುರುಳಿಯನ್ನು ರಾತ್ರಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸುವುದು. ಮೊಳಕೆ ಬಂದರೆ ಅದರ ಕಬ್ಬಿಣ ಸುಲಭವಾಗಿ ಮೈಗೆ ಹತ್ತುತ್ತದೆ. ಕಾಳು, ಸೊಪ್ಪು ಬೇಯಿಸಿ ಬಸಿದ ಕಟ್ಟನ್ನು, ಖಾರ ಬೀಳುವ ಮೊದಲೇ, ಮಗುವಿಗೆಂದು ಒಂದು ಬಟ್ಟಲು ಎತ್ತಿಡುವುದು. ಅದರಲ್ಲಿ ಮುದ್ದೆ ಅದ್ದಿ, ಮಸೆದ ಕಾಳು, ಸೊಪ್ಪು ಸೇರಿಸಿ, ತಿನ್ನಿಸುವ ಮುಂಚೆ ನಿಂಬೆಹಣ್ಣು ಹಿಂಡುವುದು. ಹುಳಿಯಿಲ್ಲದೆ ಸೊಪ್ಪಿನ ಕಬ್ಬಿಣ ಅಷ್ಟಾಗಿ ಒಲಿಯುವುದಿಲ್ಲ. ಸಿರಪ್ಪಿಗೂ ನಿಂಬೆಹಣ್ಣಿನ ಪಾನಕವೇ ಜೊತೆ, ಹಾಲು ಅದರ ಹತ್ತಿರ ಸುಳಿಯಕೂಡದು. ಸಿರಪ್ಪಿನಿಂದ ಮಲ ಕಪ್ಪಗಾದರೆ ಹೆದರಬೇಡಿ ಎಂದೂ ಹೇಳಿದೆ. ಬಾಟಲಿಯನ್ನು ಸೊಸೆಯೇ ತೆಗೆದು ಅಟ್ಟದ ಮೇಲಿಟ್ಟಳು.

ಮುಂದಿನ ದಿನಗಳಲ್ಲಿ ನನ್ನ ಫೋನಿಗೆ ಬಿಡುವಿರಲಿಲ್ಲ. "ಅಟ್ಟ ನೋಡ್ಕೊಂಡು ಅಳ್ತಾನೆ ಮೇಡಂ." "ಬಟ್ಟಲು ಎಸೆದುಬಿಟ್ಟ ಮೇಡಂ." "ಪಕ್ಕದ ಮನೆಯವರು ಬಂದು, ಮಗೀನ ಯಾಕ್ ಕೊಲ್ತೀರಿ ಅಂತ ಬೈದ್ಹೋದ್ರು." ‘ಆಲು ಬುಡ್ಸೋ ಮೇಡಮ್ಮ’ ಎಂಬ ಹೆಸರು ಊರಲ್ಲಿ ಹುಟ್ಟಿದ್ದು ಆಗಲೇ. ನನಗೂ ಒಳಗೊಳಗೆ ಪುಕುಪುಕು. ನೀರು ಕುಡೀತಿದ್ದಾನಾ, ಉಚ್ಚೆ ಹೋಗ್ತಿದ್ದಾನಾ, ಉಸಿರು ಹೇಗಿದೆ ಎಂದು ಕೇಳಿ, ಇನ್ನೊಂದು ದಿನ ತಡೆದುಕೊಳ್ಳಿ ಎನ್ನುತ್ತಿದ್ದೆ. ಒಂದು ಸಂಜೆ ನಾನು ಚಾಮರಾಜನಗರದ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಿದ್ದಾಗ ಫೋನ್ ಬಂತು. ಈ ಸಲ ಅಜ್ಜಿ. ದನಿ ಬಸ್ಸಿಗೆಲ್ಲ ಕೇಳುವಂತಿತ್ತು.

"ತಿಂದ ಕಣವ್ವ! ನನ್ ತಟ್ಟೆಗೇ ಕೈ ಆಕ್ಬುಟ್ಟ! ನಾನ್ ಮುದ್ದೆ ಮುರ್ಕಂಡು ಬಾಯ್ಗಾಕ್ತಿದ್ದೆ, ನನ್ ಬಾಯನ್ನೇ ನೋಡ್ತಿದ್ದ. ಆಮೇಕೆ ಬಂದು ಗಬಕ್ಕಂತ ಕಿತ್ಕಂಡ! ಉಳ್ಳಿಕಾಳ್ ಸಾರಲ್ಲಿ ಮೂತಿ ಎಲ್ಲ ಬಳ್ಕಂಡವ್ನೆ!"

ನಾನು ಬಸ್ಸಿನಲ್ಲೇ "ಅಬ್ಬಾ" ಎಂದು ಕೂಗಿಬಿಟ್ಟೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ಏನೋ ಶುಭ ಸಮಾಚಾರವಿರಬೇಕೆಂದು ತನ್ನ ಸೀಟನ್ನೇ ನನಗೆ ಬಿಟ್ಟುಕೊಟ್ಟಳು.

ಹೇಳಿದ ದಿನ ನಾನು ಹೋದಾಗ ಕುದೇರಿನ ಬೀಗರು ಆಗಲೇ ಬಂದು ಜಗಲಿಯ ಮೇಲೆ ಕೂತಿದ್ದರು. ಎತ್ತರದ ಆಳು, ಹೆಗಲ ಮೇಲೆ ಟವೆಲು. ಸಂತೆಮರಹಳ್ಳಿಯಲ್ಲಿ ಬಸ್ಸು ಬದಲಿಸಿ ಬೆಳಿಗ್ಗೆಯೇ ಹೊರಟು ಬಂದಿದ್ದರಂತೆ. ಬಂದವರೇ ಮೊದಲು ಹಸುವಿನ ಬೆನ್ನು ಸವರಿ ನೋಡಿದ್ದರಂತೆ. ಒಳಗೆ ಅಜ್ಜಿ ಮೊಮ್ಮಗನನ್ನು ಎದುರಿಗೆ ಕೂರಿಸಿಕೊಂಡು ಊಟ ಮುಗಿಸಿ, ಹಾಲಿನ ಲೋಟವನ್ನು ತುಟಿಗಿಟ್ಟಿದ್ದರು. ಬೀಗರು ಒಳಗೆ ಕಾಲಿಟ್ಟದ್ದೇ ಲೋಟ ಸೆರಗಿನ ಮರೆಗೆ ಹೋಯಿತು. ನಾನು ಬಾಯಿಪಾಠ ಮಾಡಿಕೊಂಡು ಬಂದಿದ್ದ ಭಾಷಣವನ್ನು ಶುರು ಮಾಡಿದೆ. ಅವರು ಕೈ ಎತ್ತಿ ತಡೆದರು.

"ತಡೀರಿ ಮೇಡಮ್ಮ. ಬೀಗಿತ್ತಮ್ಮ, ಅದೇನ್ ಬಚ್ಚಿಕ್ಕಂಡ್ರಿ?"

ಅಜ್ಜಿಯ ಮುಖ ಸಣ್ಣದಾಯಿತು. ಲೋಟ ಹೊರತೆಗೆದು ನೆಲದ ಮೇಲಿಟ್ಟರು. "ಮಗೀನ ಆಲು ಬೀಗ್ರೆ. ತಪ್ಪಾಯ್ತು. ಈವಮ್ಮ ಕುಡೀರಿ ಅಂದ್ರು."

ಬೀಗರು ಮೊಮ್ಮಗನನ್ನು ನೋಡಿದರು. ಅವನು ಹುರುಳಿ ಕಟ್ಟಿನಲ್ಲಿ ಎರಡು ಕೈಯನ್ನೂ ಅದ್ದಿಕೊಂಡು ಬಟ್ಟಲು ಬಡಿಯುತ್ತಿದ್ದ. ಆಮೇಲೆ ಮಗಳನ್ನು ನೋಡಿದರು. ಅವಳು ಕಂಬಕ್ಕೆ ಆತು ನಿಂತು, ಒಂದೇ ಉಸಿರಿನಲ್ಲಿ, "ಅಪ್ಪ, ಮಗೀಗೆ ರಕ್ತ ಕಮ್ಮಿ. ನಿನ್ ಮಾತು ಉಳಿಸಕ್ಕೆ ಅಷ್ಟೂ ಆಲು ಅವನಿಗೇ ಕುಡುಸ್ತಿದ್ದೊ. ಇನ್ಮೇಲೆ ಕುಡ್ಸಲ್ಲ" ಎಂದುಬಿಟ್ಟಳು. ಅಷ್ಟು ಗಟ್ಟಿಯಾಗಿ ಅವಳು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಬೀಗರು ಹೆಗಲ ಟವೆಲು ತೆಗೆದು ಮುಖ ಒರೆಸಿಕೊಂಡರು. "ಅಲ್ಲ ಕಣವ್ವ, ಡೈರಿಗೆ ಆಕ್ಬ್ಯಾಡಿ, ಮನೇಲೇ ಉಣ್ಣಿ ಅಂದಿದ್ದು ನಾನು. ಆಲೆಲ್ಲ ಮಾರ್ಕಂಡು ಮಕ್ಳಿಗೆ ಟೀ ಕುಡ್ಸೋರ ಕಂಡಿದ್ದೆ, ಅದ್ಕೆ ಅಂದೆ. ಇವನೊಬ್ನೇ ಕುಡೀಲಿ ಅಂತ ಯಾವಾಗ ಅಂದೆ? ಇವನೇನ್ ಕರುವಾ?"

ಅಜ್ಜಿಗೆ ಎಲ್ಲಿಂದಲೋ ನಗು ಉಕ್ಕಿ ಬಂತು, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಮೈಯೆಲ್ಲ ಕುಲುಕಿಸಿ ನಕ್ಕರು. ಬೀಗರೇ ನೆಲದ ಮೇಲಿನ ಲೋಟ ಎತ್ತಿ ಅವರ ಕೈಗಿತ್ತರು. ನಾನು ಮಾಡಬೇಕಾಗಿದ್ದ ಭಾಷಣ ನನ್ನ ಬಾಯಲ್ಲೇ ಉಳಿಯಿತು, ಅದಕ್ಕೆ ನನಗೆ ಎಳ್ಳಷ್ಟೂ ಬೇಸರವಾಗಲಿಲ್ಲ.

ಅಷ್ಟಾದರೂ ರಕ್ತದ ಅಂಕಿ ಏರುವವರೆಗೆ ಯಾವ ನಗುವಿಗೂ ಅರ್ಥವಿರಲಿಲ್ಲ. ತಿಂಗಳಾದ ಮೇಲೆ ಮೂವರೂ ಮತ್ತೆ ಆಸ್ಪತ್ರೆಗೆ ಬಂದರು. ಲ್ಯಾಬಿನ ಮುಂದೆ ಮಗು ಒಂದು ಗಳಿಗೆಯೂ ನಿಂತಲ್ಲಿ ನಿಲ್ಲದೆ, ಸಾಲಿನಲ್ಲಿದ್ದವರ ಚಪ್ಪಲಿಗಳನ್ನೆಲ್ಲ ಅದಲುಬದಲು ಮಾಡುತ್ತಿತ್ತು. ಸೊಸೆ ಅವನ ಹಿಂದೆ ಓಡಿ ಓಡಿ ಸುಸ್ತಾಗಿ ಗೋಡೆಗೆ ಒರಗಿ ನಿಂತಳು. ನಾನೇ ಹೋಗಿ ಫಲಿತಾಂಶ ತಂದೆ. ಎಂಟು ದಾಟಿ ಒಂಬತ್ತರ ಕಡೆ ಮುಖ ಮಾಡಿತ್ತು. ಡಾಕ್ಟರು ನೋಡಿ, "ಚಾಮರಾಜನಗರದ ಮಾತು ಇನ್ನು ಬೇಡ. ಸಿರಪ್ ಮುಂದುವರಿಸಿ, ಊಟ ಹೀಗೇ ನಡೀಲಿ" ಎಂದರು. ಇನ್ನೂ ದೂರ ಹೋಗಬೇಕಿತ್ತು, ಆದರೆ ರಕ್ತ ಹಾಕಿಸುವ ಭಯ ತೀರಿತ್ತು.

ಸೊಸೆಗೆ ಹೇಳಿದೆ. ಅವಳು ಬೆಂಚಿನ ಮೇಲೆ ಕುಸಿದು ಕೂತು, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಅಜ್ಜಿ ಕುಣಿದಾಡುತ್ತಾರೆ, ಸಾಲಿಗೆಲ್ಲ ಕೂಗಿ ಹೇಳುತ್ತಾರೆ ಎಂದುಕೊಂಡಿದ್ದೆ. ಅವರು ಸುಮ್ಮನೆ ಸೊಸೆಯ ಪಕ್ಕದಲ್ಲಿ ಕೂತರು. ಮುಖ ಮುಚ್ಚಿದ್ದ ಅವಳ ಕೈಯೊಂದನ್ನು ಬಿಡಿಸಿ ತಮ್ಮ ತೊಡೆಯ ಮೇಲಿಟ್ಟುಕೊಂಡು, ಉಗುರನ್ನು ಒತ್ತಿ ನೋಡಿದರು. ಆಮೇಲೆ ನಾನು ಮೊದಲ ದಿನ ಮಗುವಿಗೆ ಮಾಡಿದ್ದ ಹಾಗೆಯೇ ಅವಳ ಕೆಳರೆಪ್ಪೆಯನ್ನು ಹೆಬ್ಬೆರಳಿನಿಂದ ಎಳೆದರು.

"ಮೇಡಮ್ಮ, ಇಲ್ ಬನ್ನಿ. ಇವಳ್ದೂ ಬೆಳ್ಳಗದೆ."

"ನಂಗೇನಾಗಿಲ್ಲ ಅತ್ತೆ. ಬಸ್ಸಿಗೆ ಹೊತ್ತಾಯ್ತು, ಓಗನ ಬನ್ನಿ" ಎಂದು ಸೊಸೆ ಕೈ ಎಳೆದುಕೊಂಡಳು.

"ಸುಮ್ಕಿರಮ್ಮಿ. ಬಸ್ಸು ಇನ್ನೊಂದ್ ಬತ್ತದೆ." ಅಜ್ಜಿ ಮಂಡಿಯ ನೋವನ್ನೂ ಲೆಕ್ಕಿಸದೆ ಎದ್ದು, ಸೊಸೆಯನ್ನು ಎಬ್ಬಿಸಿ, ಲ್ಯಾಬಿನ ಕಿಟಕಿಯ ತನಕ ನಡೆಸಿಕೊಂಡು ಹೋದರು. ಅವಳ ಬೆರಳನ್ನು ತಮ್ಮ ಕೈಯಲ್ಲೇ ಹಿಡಿದು, ಕಿಟಕಿಯ ಒಳಕ್ಕೆ ಚಾಚಿ, "ಮೆಲ್ಲಗ್ ಚುಚ್ಚಪ್ಪ, ನನ್ ಮಗಳು" ಎಂದರು.